ಇಂಗ್ಲಿಷ್ ಹಾಡು ಕೇಳಿದ್ದು

“ಅಕ್ಕಾ, ಒಂದು ಹಾಡು ಹೇಳ್ತೇನೆ, ಕೇಳ್ತೀರಾ?” ಎಂದು ಬೆಂಚಿನ ಆಚೆ ತುದಿಯ ಮುದುಕರು ಕೇಳಿದಾಗ, ಇವರಿಗೆ ತಲೆ ಸರಿಯಿಲ್ಲ ಎಂದುಕೊಂಡೆ. ಅಬುಧಾಬಿಯ ರೀಮ್ ಐಲ್ಯಾಂಡಿನಲ್ಲಿ ಮಗಳ ಬಿಲ್ಡಿಂಗಿನ ಕೆಳಗೆ ಕೂತಿದ್ದೆ. ಅವರು ಮಂಗಳೂರಿನ ಕ್ರಿಶ್ಚನ್. ಬಿಳಿ ಕೂದಲನ್ನು ಕೋಳಿ ಜುಟ್ಟಿನ ಹಾಗೆ ಎತ್ತಿ ಬಾಚಿದ್ದರು. ನಮ್ಮ ಕಡೆ ಗಿಟಾರ್ ಹಿಡಿದು ರಾಕ್ ಅಂಡ್ ರೋಲ್ ಹಾಡಿದವರಲ್ಲಿ ಅವರೇ ಮೊದಲಿನವರಂತೆ. ಆಗಿನ ಹುಡುಗರೆಲ್ಲ ಅವರನ್ನು ನೋಡಿಯೇ ಹಾಗೆ ಬಾಚಿದ್ದಂತೆ. ಆಮೇಲೆ ದುಬೈ ಹೋಟೆಲುಗಳಲ್ಲಿ ಹಾಡಿದರಂತೆ. ಗಂಟಲಿನ ಆಪರೇಷನ್ ಆಗಿ ವರ್ಷವಾಯಿತು, ಸ್ವರ ಉಳಿದಿದೆಯೋ ಇಲ್ಲವೋ ನೋಡಲು ಧೈರ್ಯ ಬಂದಿರಲಿಲ್ಲವಂತೆ.

“ನನಗೆ ಇಂಗ್ಲಿಷ್ ಬರೂದಿಲ್ಲ ಮಾರಾಯ್ರೆ.”

“ಆಗ ಕುಣಿದವರಿಗೂ ಬರ್ತಿರ್ಲಿಲ್ಲ.”

ಹಾಡಿದರು. ಸ್ವರ ಎರಡು ಕಡೆ ಒಡೆಯಿತು. ಕಾಲು ಮಾತ್ರ ನೆಲ ಬಡಿಯುತ್ತಲೇ ಇತ್ತು.

“ಹೇಗುಂಟು?” ಎಂದರು.

“ಸ್ವರ ಹೋಗಿದೆ. ತಾಳ ಉಂಟು.”

“ಮನೆಯಲ್ಲಿ ಹಾಡಿದ್ರೆ ಹೇಗಿದ್ರೂ ಎಲ್ಲರೂ ಸೂಪರ್ ಅಂತಾರೆ, ಅದಕ್ಕೇ ಅಲ್ಲಿ ಹಾಡ್ಲಿಲ್ಲ, ಅಕ್ಕಾ” ಎಂದು ಇನ್ನೊಂದು ಹಾಡು ಶುರುಮಾಡಿದರು.

ಹಾಡು ನನಗೇನೂ ಹಿಡಿಸಲಿಲ್ಲ, ಆದರೂ ಪೂರ್ತಿ ಕೇಳಿದೆ. ನಾನು ಇಲ್ಲಿಗೆ ಬಂದು ಐದು ತಿಂಗಳು. ಹೇಗುಂಟು ಎಂದು ಒಬ್ಬರು ನನ್ನನ್ನು ಕೇಳಿ, ನಾನು ಹೇಳುವವರೆಗೆ ಕಾದದ್ದು ಅದೇ ಮೊದಲು.