ಮಾಪಕಕ್ಕೆ ಬೀಳದ ಮಳೆ

"ನಮ್ಮ ಮನೇಲಿ ಯಾರಾದ್ರೂ ಡಿಗ್ರಿ ಮಾಡಿದ್ದುಂಟಾ? ನಿನ್ನ ಕೈಲೂ ಆಗಲ್ಲ ಬಿಡು" ಎಂದವರು ನನ್ನ ಚಿಕ್ಕಪ್ಪ. ಮದುವೆಯಾಗಿ ಅಮೆರಿಕದ ಮಾರಿಸ್‌ವಿಲ್‌ಗೆ ಬಂದ ಮೇಲೆ ನಾನು ಕಾಲೇಜು ಸೇರಿದೆ. ಮಳೆಯ ಮೇಲೆ ಪ್ರಬಂಧ ಬರೆಯುತ್ತೇನೆಂದಾಗ ಅವರು ಮೈಸೂರಿನಿಂದ ಫೋನಿನಲ್ಲೇ ನಕ್ಕರು: "ಮಳೆ ಅಳೆಯಕ್ಕೆ ಕಾಲೇಜ್ ಯಾಕಮ್ಮ? ಹೊರಗಡೆ ಒಂದು ಬಕೆಟ್ ಇಡು, ಸಾಕು."

ನಾನು ಇಟ್ಟಿದ್ದೂ ಹೆಚ್ಚುಕಡಿಮೆ ಬಕೆಟ್ಟೇ. ಉಪಗ್ರಹ ಮೇಲಿನಿಂದ ಮೋಡ ನೋಡಿ ಮಳೆಯನ್ನು ಅಂದಾಜು ಮಾಡುತ್ತದೆ. ಬೆಟ್ಟಕ್ಕೆ ಒರಗಿದ ತಗ್ಗು ಮೋಡ ಎಷ್ಟೋ ಸಲ ಅದಕ್ಕೆ ಮಳೆಮೋಡವಾಗಿ ಕಾಣುವುದೇ ಇಲ್ಲ. ಕೆಳಗೆ ಸುರಿಯುತ್ತಿದ್ದರೂ ಸೊನ್ನೆ ಎನ್ನುತ್ತದೆ. ಆ ತಪ್ಪನ್ನು ಹಿಡಿಯಲೆಂದೇ ನಾರ್ತ್ ಕೆರೊಲಿನಾದ ಪಶ್ಚಿಮದ ಬೆಟ್ಟವೊಂದರ ನೆತ್ತಿಯಲ್ಲಿ ನನ್ನ ಮಳೆಮಾಪಕ ನಿಂತಿತ್ತು. ದೆವ್ವ, ಪವಾಡ ಎಂದವರಿಗೆಲ್ಲ "ಡೇಟಾ ತೋರಿಸಿ" ಎನ್ನುತ್ತಿದ್ದವಳು ನಾನು. ಅದಕ್ಕೇ ಇದನ್ನು ಬರೆಯುವುದು ಕಷ್ಟ.

ಊರಿಂದ ಬಂದಿದ್ದ ಅಮ್ಮನನ್ನು ಕೆಳಗೆ ಕಾರಿನಲ್ಲಿ ಕೂರಿಸಿ ಒಂದು ಮಧ್ಯಾಹ್ನ ಒಬ್ಬಳೇ ಹತ್ತಿದೆ. ಮಾಪಕದ ಹತ್ತಿರ ಹೋಗುತ್ತಿದ್ದಂತೆ ಮಳೆ ಹಿಡಿಯಿತು. ಮಂಜಲ್ಲ, ಸೋನೆಯಲ್ಲ, ಎಲೆಗಳ ಮೇಲೆ ಸದ್ದಾಗುವ ಮಳೆ. ಶೂಗಳಲ್ಲಿ ನೀರು ತುಂಬಿತು. ಮಾಪಕದ ಆಲಿಕೆಯೊಳಗೆ ಕೈಯಿಟ್ಟೆ. ಒಣಗಿತ್ತು.

ಕೆಟ್ಟಿದೆಯೇನೋ ಎಂದು ನನ್ನ ಬಾಟಲಿಯ ನೀರು ಸುರಿದು ನೋಡಿದೆ. ಸರಿಯಾಗಿಯೇ ಲೆಕ್ಕ ಹಾಕಿತು. ಪಕ್ಕದಲ್ಲೇ ನಾನು ತೊಯ್ಯುತ್ತಿದ್ದೆ, ಅದರೊಳಗೆ ಮಾತ್ರ ಒಂದು ಹನಿಯೂ ಬೀಳಲಿಲ್ಲ. ಇಳಿದು ಬಂದರೆ ಕಾರಿನ ಸುತ್ತ ನೆಲವೂ ಒಣ. ಮನೆಯಲ್ಲಿ ಉಪಗ್ರಹದ ಲೆಕ್ಕ ತೆಗೆದೆ: ಸೊನ್ನೆ.

ಇದನ್ನೂ ಪ್ರಬಂಧದಲ್ಲಿ ಬರೆದೆ. "ತೆಗೆದುಬಿಡು, ಇಲ್ಲದಿದ್ದರೆ ನಿನ್ನ ಮಿಕ್ಕ ಅಳತೆಗಳನ್ನೂ ಯಾರೂ ನಂಬುವುದಿಲ್ಲ, ಡಿಗ್ರಿಯೇ ನಿಲ್ಲಬಹುದು" ಎಂದರು ಪ್ರೊಫೆಸರ್. ಆದರೂ ತೆಗೆಯಲಿಲ್ಲ. ಉಪಗ್ರಹ ಕಾಣದ ಮಳೆಯೂ ಮಳೆಯೇ ಎಂದು ವಾದಿಸುವವಳು, ನನ್ನ ಮಾಪಕ ಕಾಣದ್ದನ್ನು ಹೇಗೆ ಅಳಿಸಲಿ? ವಿವರಣೆ ನನ್ನಲ್ಲಿಲ್ಲ, ನೆನೆದದ್ದು ಮಾತ್ರ ಗೊತ್ತು ಎಂದು ಪರೀಕ್ಷಕರೆದುರೂ ಹೇಳಿದೆ. ಬಹಳ ಹೊತ್ತು ಚರ್ಚಿಸಿ, ಕೊನೆಗೆ ಸಹಿ ಹಾಕಿದರು.

ಇಂದಿಗೂ ನನಗೆ ವಿವರಣೆ ಸಿಕ್ಕಿಲ್ಲ. ಪದವಿ ಪ್ರದಾನದ ದಿನ ಸರ್ಟಿಫಿಕೇಟನ್ನು ಅಮ್ಮನ ಕೈಗಿಟ್ಟೆ. ಅವಳಿಗೆ ಇಂಗ್ಲಿಷ್ ಓದಲು ಬಾರದು. ಸೀಲಿನ ಮೇಲೆ ಬೆರಳಾಡಿಸುತ್ತಾ ಕೇಳಿದಳು:

"ಆ ಮಳೆ ವಿಷ್ಯ ಬಿಡದೆ ಬರ್ದೆ ತಾನೇ?"

"ಬರ್ದೆ ಕಣಮ್ಮ."

"ಹ್ಞೂಂ. ಆವತ್ತು ನಿನ್ನ ಬಟ್ಟೆ ಹಿಂಡಿದ್ದು ನಾನು. ಇನ್ಯಾರಾದ್ರೂ ಸುಳ್ಳು ಅಂದ್ರೆ, ನನ್ನ ಕರಿ."