ಟ್ಯಾಂಕಿನ ಪಕ್ಕದ ನಿಂಬೆಹಣ್ಣು

“ಇವತ್ತು ಲೆಮನ್ ಇಟ್ಟಿಲ್ವಾ?”

ಎರಡು ಪಿಎಚ್‌ಡಿ ಮಾಡಿದ ನಮ್ಮ ಕೆನಡಿಯನ್ ಬಾಸ್ ಇಂಗ್ಲಿಷಿನಲ್ಲಿ ಹೀಗೆ ಕೇಳಿದಾಗ ಬೆಪ್ಪಾದೆ. ಕೆನಡಾದ ಮಾರ್ಕಮ್‌ನ ನಮ್ಮ ಲ್ಯಾಬಿನಲ್ಲಿ ಸೂಪರ್‌ಕಂಡಕ್ಟರ್ ಮ್ಯಾಗ್ನೆಟ್ಟುಗಳನ್ನು ದ್ರವ ಹೀಲಿಯಮ್ಮಿನ ಟ್ಯಾಂಕಿನಲ್ಲಿ ಮುಳುಗಿಸಿ ಪರೀಕ್ಷಿಸುತ್ತೇವೆ. ಒಮ್ಮೆ ಟ್ಯಾಂಕಿನ ಪಕ್ಕ ನನ್ನ ನಿಂಬೆಹಣ್ಣಿತ್ತು, ಪರೀಕ್ಷೆ ಗೆದ್ದಿತು. ಮರುವಾರ ಹಣ್ಣಿರಲಿಲ್ಲ, ಮ್ಯಾಗ್ನೆಟ್ ಕೈಕೊಟ್ಟಿತು. ನಿಂಬೆ ಇಡುವುದು ನಮ್ಮ ಇಂಡಿಯಾದ ಪೂಜೆಯೆಂದೇ ಬಾಸ್ ನಂಬಿದ್ದರು.

“ನಿಜ ಹೇಳಿಬಿಡ್ಲಾ?” ಎಂದು ಮೈಸೂರಿನ ಸಹೋದ್ಯೋಗಿ ರಘುವಿನ ಕಿವಿಯಲ್ಲಿ ಕೇಳಿದೆ.

“ಸುಮ್ನಿರಿ ಸಾರ್, ಮೊದ್ಲು ಹಣ್ಣಿಡಿ. ರಿಸ್ಕ್ ಯಾಕೆ?” ಎಂದ.

ಇಟ್ಟೆ. ಪರೀಕ್ಷೆ ಗೆದ್ದಿತು!

ಈಗ ಚೆಕ್‌ಲಿಸ್ಟಿನಲ್ಲಿ ವಾಲ್ವು, ಪ್ರೆಶರುಗಳ ಕೆಳಗೆ ‘ಲೆಮನ್’ ಎಂದಿದೆ. ಬಾಸ್ ಅದನ್ನು ಇನ್ನೊಂದು ಲ್ಯಾಬಿಗೂ ಫ್ಯಾಕ್ಸ್ ಮಾಡಿದ್ದಾರೆ. ಆ ಮೊದಲ ಹಣ್ಣನ್ನು ನಾನು ತಂದಿದ್ದು ಮಧ್ಯಾಹ್ನದ ಉಪ್ಪಿಟ್ಟಿಗೆ ಹಿಂಡಿಕೊಳ್ಳಲು, ಅಲ್ಲಿಟ್ಟು ಮರೆತಿದ್ದೆ. ಈಗ ನಿಂಬೆ ಟ್ಯಾಂಕಿಗೆ, ನನಗೆ ಬರೀ ಉಪ್ಪಿಟ್ಟು.