ಮನೆಗೆ ಎಷ್ಟು ಅಂತೋಣಿಗಳು ಬೇಕು?

ಜೂನ್ 14, ಶನಿವಾರ, ಮಧ್ಯಾಹ್ನ 3.10. ಭದ್ರಾವತಿಯಲ್ಲಿ ಅಕ್ಕನ ಗಂಡನ ಮನೆ. ಮರುದಿನ ಅಕ್ಕನ ಮಗುವಿಗೆ ಚರ್ಚಿನಲ್ಲಿ ಜ್ಞಾನಸ್ನಾನ. ಕೇಕ್ ಬಂದಿತ್ತು, ಬಿಳಿ ಅಂಗಿ ಇಸ್ತ್ರಿಯಾಗಿತ್ತು. ಹೆಸರೊಂದೇ ಬಾಕಿ!

"ರೋಹನ್," ಅಂದಳು ಅಕ್ಕ.

"ಅಂತೋಣಿ," ಅಂದಳು ಅಜ್ಜಿ.

ಹೆರಿಗೆಯ ದಿನ ಅಕ್ಕನ ಬಿಪಿ ಏರಿ ಡಾಕ್ಟರ್ ಮಾತು ಕಡಿಮೆ ಮಾಡಿದಾಗ, ದುರ್ಗಿಗುಡಿಯ ನಮ್ಮ ಮನೆಯಲ್ಲಿ ಅಜ್ಜಿ ಸಂತ ಅಂತೋಣಿಯವರ ಮುಂದೆ ಮೇಣದಬತ್ತಿ ಹಚ್ಚಿ ಹರಕೆ ಹೊತ್ತಿದ್ದಳು: ತಾಯಿ, ಮಗು ಇಬ್ಬರೂ ಉಳಿದರೆ ಮಗುವಿಗೆ ನಿಮ್ಮದೇ ಹೆಸರು.

"ಅಂತೋಣಿಯವರು ಕಳೆದುಹೋದ ವಸ್ತು ಹುಡುಕಿಕೊಡೋ ಸಂತರಲ್ವಾ ಅಜ್ಜಿ? ಹೆರಿಗೆ ಡಿಪಾರ್ಟ್‌ಮೆಂಟು ಸಂತ ಜೆರಾರ್ಡ್ ಅವರದ್ದು," ಅಂದೆ ನಾನು.

"ಅವರು ನಂಗೆ ಅಷ್ಟು ಪರಿಚಯ ಇಲ್ಲ ಕಣೋ. ಗುರುತಿಲ್ಲದವರ ಹತ್ರ ಹೋಗಿ ಮೊಮ್ಮಗಳ ಜೀವ ಕೇಳಕ್ಕಾಗುತ್ತಾ?"



ಅಕ್ಕನ ತಕರಾರೂ ಸುಳ್ಳಲ್ಲ. ಎರಡೂ ಮನೆ ಸೇರಿ ಈಗಾಗಲೇ ಮೂವರು ಅಂತೋಣಿಗಳು (ಲೆಕ್ಕ ಡೈರಿಯಲ್ಲಿದೆ, ನನಗೆ ಅಂಥ ಚಟ). ಅಕ್ಕನ ಮಾವ ದೊಡ್ಡ ಅಂತೋಣಿ. ನಮ್ಮ ಚಿಕ್ಕಪ್ಪ ಬುಲೆಟ್ ಅಂತೋಣಿ. ನಾನು ಸಣ್ಣ ಅಂತೋಣಿ, ಆರಡಿ ಬೆಳೆದ ಮೇಲೂ!

"ನನ್ನ ಮಗನಿಗೆ ಅವನದೇ ಅಂತ ಒಂದು ಹೆಸರು ಬೇಡ್ವಾ?"

"ರೋಹನ್ ಅಂತ ಯಾವ ಸಂತರಿದ್ದಾರೆ? ನಾಳೆ ಕಷ್ಟ ಬಂದ್ರೆ ಇವನು ಯಾರನ್ನ ಕೂಗ್ಬೇಕು?"

ಅಷ್ಟರಲ್ಲಿ ಮರುದಿನ ಮಗುವಿಗೆ ಹಾಕಬೇಕಿದ್ದ ಬೆಳ್ಳಿ ಶಿಲುಬೆ ಕಾಣೆಯಾಗಿದ್ದು ಗೊತ್ತಾಯಿತು. ತೊಟ್ಟಿಲು, ಬೀರು, ಪೌಡರ್ ಡಬ್ಬಿ ಎಲ್ಲ ತಡಕಿ ಸುಸ್ತಾದ ಅಕ್ಕ, ಚಿಕ್ಕಂದಿನಿಂದ ಅಜ್ಜಿ ಕಲಿಸಿದ್ದನ್ನೇ ಕೂಗಿಬಿಟ್ಟಳು: "ಅಂತೋಣಿಯಪ್ಪಾ, ಹುಡುಕ್ಕೊಡಪ್ಪಾ!"

ಬಚ್ಚಲಿಂದ ಮಾವ ಮುಖದ ಸೋಪಿನ ಸಮೇತ ಓಡಿ ಬಂದರು. "ಏನಮ್ಮಾ, ಕರೆದ್ಯಾ?" ಗೇಟಿನ ಬಳಿ ಬೈಕ್ ಒರೆಸುತ್ತಿದ್ದ ಚಿಕ್ಕಪ್ಪ ಬಟ್ಟೆ ಹಿಡಿದೇ ಬಂದರು. ಮಂಚದಡಿ ಹುಡುಕುತ್ತಿದ್ದ ನಾನು "ಏನಕ್ಕಾ?" ಎಂದು ತಲೆ ಹೊರಹಾಕಿದೆ.

"ನೋಡಜ್ಜಿ! ಇದಕ್ಕೇ ನಾನು ಬಡ್ಕೊಂಡಿದ್ದು!"

ಅಜ್ಜಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು. ಒರೆಸಿಕೊಳ್ಳಲು ಸೊಂಟದಿಂದ ಕರ್ಚೀಫು ತೆಗೆದಳು. ಅದರ ತುದಿಯ ಗಂಟಿನಲ್ಲಿ ಶಿಲುಬೆ! ಕಳೆಯಬಾರದೆಂದು ಬೆಳಿಗ್ಗೆ ತಾನೇ ಕಟ್ಟಿಕೊಂಡು ಮರೆತಿದ್ದಳು.

ನಾಚಿಕೆಯಾಯಿತೇ? ಎಲ್ಲಿಂದ! "ಕೂಗಿದ ತಕ್ಷಣ ಕೊಟ್ರಾ ಇಲ್ವಾ?"

ಅಕ್ಕ ಗಂಟು ಬಿಚ್ಚಿ ಶಿಲುಬೆ ತೆಗೆದಳು. ಆಮೇಲೆ ಕೇಳಿದಳು: "ಆವತ್ತು ಹೆರಿಗೆ ದಿನಾನೂ ಹೀಗೇ ಕೂಗಿದ್ಯಾ ಅಜ್ಜಿ?"

"ಗಂಟಲು ಕಟ್ಟೋವರ್ಗೂ ಮಾರಾಯ್ತಿ."

ಭಾನುವಾರ ಫಾದರ್ ನೀರು ಹೊಯ್ದದ್ದು ರೋಹನ್ ಅಂತೋಣಿಯ ತಲೆಗೆ. ಹರಕೆಯ ಹೆಸರು ಚರ್ಚಿನ ಪುಸ್ತಕದಲ್ಲಿರಲಿ, ಕರೆಯುವುದು ಮಾತ್ರ ರೋಹನ್ ಎಂದೇ. ಅದು ಒಪ್ಪಂದ. (ಸಣ್ಣ ಅಂತೋಣಿ ಎಂಬ ಬಿರುದು ನನ್ನಲ್ಲೇ ಉಳಿಯಿತು.)

ಅಜ್ಜಿ ಒಪ್ಪಂದ ಮುರಿದಿಲ್ಲ, ಚಿಂತೆ ಮಾತ್ರ ಬಿಟ್ಟಿಲ್ಲ. ಜಗತ್ತಿನ ಯಾವ ಮೂಲೆಯಲ್ಲಾದರೂ ರೋಹನ್ ಎಂಬ ಸಂತರಿದ್ದರೆ ಬಲ್ಲವರು ದಯವಿಟ್ಟು ಬರೆದು ತಿಳಿಸಿ. ಅಜ್ಜಿ ಈಗಲೇ ಪರಿಚಯ ಮಾಡಿಕೊಳ್ಳಬೇಕಂತೆ!